ಯಜಮಾನರು ತೀರಿಕೊಂಡ ಮೇಲೆ ಹೋಟೆಲ್ ಮುಂದುವರಿಸುವುದು ಹೇಗೆ?

"ಅಪ್ಪ ಹೋಗಿ 15 ದಿನ ಆಯ್ತು. ಹೋಟೆಲ್ ಬಾಗಿಲು ತೆಗೆಯಬಹುದಾ? ಯಾರ ಹೆಸರಲ್ಲಿ ಬಿಲ್ ಕೊಡೋದು? ಬ್ಯಾಂಕಿನವರು ಖಾತೆ ನಿಲ್ಲಿಸಿದಾರೆ, ಹಾಲಿನವರಿಗೆ ಎಲ್ಲಿಂದ ಕೊಡೋದು?"

ಹೋಟೆಲುಗಳ ಲೆಕ್ಕಪತ್ರ ನೋಡುವ ಕೆಲಸದಲ್ಲಿರುವುದರಿಂದ ಈ ಪ್ರಶ್ನೆಗಳು ನನಗೆ ಮತ್ತೆ ಮತ್ತೆ ಬರುತ್ತವೆ. ಕೇಳುವವರು ಹೆಚ್ಚಾಗಿ ಮಗನೋ ಮಗಳೋ ಆಗಿರುತ್ತಾರೆ, ಕೆಲವೊಮ್ಮೆ ಹೆಂಡತಿ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಇದು ಕರ್ನಾಟಕದಲ್ಲಿರುವ, ಒಬ್ಬರೇ ಮಾಲೀಕರ ಹೆಸರಿನಲ್ಲಿ ನಡೆಯುತ್ತಿದ್ದ ದರ್ಶಿನಿ, ಖಾನಾವಳಿ, ಟಿಫಿನ್ ರೂಮಿನಂಥ ಹೋಟೆಲುಗಳಿಗೆ. ಪಾಲುದಾರಿಕೆ ಇದ್ದರೆ ಏನು ಎಂಬುದನ್ನು 2ನೇ ಹಂತದಲ್ಲಿ ಹೇಳಿದ್ದೇನೆ.

ಮೊದಲು ಒಂದು ಮಾತು ಅರ್ಥವಾಗಬೇಕು. ಒಬ್ಬರೇ ಮಾಲೀಕರಾಗಿದ್ದರೆ ಕಾನೂನಿನ ಕಣ್ಣಿಗೆ ಹೋಟೆಲ್ ಮತ್ತು ಆ ವ್ಯಕ್ತಿ ಎರಡಲ್ಲ. ಜಿಎಸ್‌ಟಿ, ಆಹಾರ ಪರವಾನಗಿ, ಬ್ಯಾಂಕ್ ಖಾತೆ, ಗ್ಯಾಸ್ ಸಂಪರ್ಕ, ಬಾಡಿಗೆ ಕರಾರು ಎಲ್ಲವೂ ಅವರ ಹೆಸರಿಗೆ, ಅವರ ಪ್ಯಾನ್ ಸಂಖ್ಯೆಗೆ ಅಂಟಿಕೊಂಡಿರುತ್ತವೆ. ಅವರು ಹೋದ ದಿನ ಪಾತ್ರೆ, ಒಲೆ, ಗಿರಾಕಿಗಳು ನಿಮ್ಮ ಪಾಲಿಗೆ ಉಳಿಯುತ್ತಾರೆ, ಕಾಗದಗಳೆಲ್ಲ ಒಟ್ಟಿಗೆ ನಿಂತುಹೋಗುತ್ತವೆ. ಆದ್ದರಿಂದ ಈ ಕೆಲಸವೆಂದರೆ ಹಳೆಯ ಹೋಟೆಲಿನ ಒಲೆ ಆರದಂತೆ ನೋಡಿಕೊಳ್ಳುತ್ತಲೇ ಹೊಸ ಮಾಲೀಕರ ಹೆಸರಿನಲ್ಲಿ ಒಂದೊಂದೇ ಕಾಗದ ಮಾಡಿಸುವುದು. ಎರಡೂ ಒಟ್ಟಿಗೆ ಸಾಗಬೇಕು. ಕಾಗದ ಮುಗಿಯಲಿ ಅಂತ ಮೂರು ತಿಂಗಳು ಮುಚ್ಚಿದ ಹೋಟೆಲಿಗೆ ಗಿರಾಕಿ ತಿರುಗಿ ಬರುವುದು ಕಷ್ಟ. ಕಾಗದ ಆಮೇಲೆ ನೋಡೋಣ ಅಂತ ಅಪ್ಪನ ಹೆಸರಿನಲ್ಲೇ ಎರಡು ವರ್ಷ ನಡೆಸಿದ ಮನೆಯವರು ಅದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತಾರೆ.

ಹಂತ 1: ಮೊದಲ ಕೆಲವು ದಿನ

ಸೂತಕದಲ್ಲಿ ಎಷ್ಟು ದಿನ ಮುಚ್ಚಬೇಕು ಎನ್ನುವುದು ನಿಮ್ಮ ಮನೆಯ ಪದ್ಧತಿ. ಮೂರು ದಿನ ಮುಚ್ಚುವವರಿದ್ದಾರೆ, ವೈಕುಂಠ ಸಮಾರಾಧನೆ ಮುಗಿಸಿ 14ನೇ ದಿನ ಬಾಗಿಲು ತೆಗೆಯುವವರೂ ಇದ್ದಾರೆ. ಎಷ್ಟು ದಿನವಾದರೂ ಸರಿ, ಬಾಗಿಲ ಮೇಲೆ ತೆರೆಯುವ ತಾರೀಖನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ತಾರೀಖಿಲ್ಲದ ಬೀಗ ನೋಡಿದ ಗಿರಾಕಿ 'ಇನ್ನು ಇದು ತೆರೆಯಲ್ಲ' ಅಂದುಕೊಂಡು ಬೇರೆ ಕಡೆ ಕಾಫಿ ಅಭ್ಯಾಸ ಮಾಡಿಕೊಳ್ಳುತ್ತಾನೆ.

ಕ್ರಿಯೆ ಮುಗಿದ ಮಾರನೆಯ ದಿನವೇ ಈ ನಾಲ್ಕು ಕೆಲಸ ಮಾಡಿಬಿಡಿ.

ಗಲ್ಲಾಪೆಟ್ಟಿಗೆಯ ಹಣವನ್ನು ಮನೆಯವರಿಬ್ಬರು ಕೂತು ಎಣಿಸಿ, ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಮುಂದೆ ಅಣ್ಣತಮ್ಮಂದಿರ ನಡುವೆ ಬರುವ ಮೊದಲ ಅನುಮಾನ ಇದೇ ಹಣದ ಮೇಲೆ.

ಅಪ್ಪನ ಡೈರಿ, ಉದ್ರಿ ಪುಸ್ತಕ, ಚೆಕ್ ಪುಸ್ತಕ, ಹಾಲಿನ ಚೀಟಿ, ಜೇಬಿನಲ್ಲಿದ್ದ ಕಾಗದದ ಚೂರು, ಯಾವುದನ್ನೂ ಎಸೆಯಬೇಡಿ. ಎಷ್ಟೋ ಹೋಟೆಲುಗಳ ನಿಜವಾದ ಲೆಕ್ಕ ಇರುವುದು ದೇವರ ಫೋಟೋದ ಹಿಂದೆ.

ಅವರ ಮೊಬೈಲ್ ಸಂಖ್ಯೆಯನ್ನು ಬಂದ್ ಮಾಡಿಸಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ತೆರಿಗೆ ಇಲಾಖೆಯ ನೋಟಿಸು, ವಿದ್ಯುತ್ ಬಿಲ್, ಗ್ಯಾಸ್ ಬುಕಿಂಗ್, ಕೇಟರಿಂಗ್‌ಗೆ ಮುಂಗಡ ಕೊಟ್ಟವರ ಕರೆ ಎಲ್ಲ ಬರುವುದು ಆ ಸಂಖ್ಯೆಗೇ. ರೀಚಾರ್ಜ್ ಮಾಡಿಸಿಟ್ಟು, ಮರಣ ಪ್ರಮಾಣಪತ್ರ ಬಂದಮೇಲೆ ಮೊಬೈಲ್ ಕಂಪನಿಯ ಅಂಗಡಿಗೆ ಹೋಗಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ನಾಲ್ಕನೆಯದು ಕೆಲಸದವರ ಜೊತೆ ಮಾತು. ಭಟ್ಟರಿಂದ ಕ್ಲೀನರ್ ಹುಡುಗನವರೆಗೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಹೋಟೆಲ್ ಯಾವ ದಿನ ತೆರೆಯುತ್ತದೆ, ಮುಚ್ಚಿದ ದಿನಗಳ ಸಂಬಳ ಕೊಡುತ್ತೀರೋ ಇಲ್ಲವೋ, ಇನ್ನು ಮುಂದೆ ಯಾರ ಮಾತು ಕೇಳಬೇಕು ಎಂಬ ಮೂರನ್ನು ಸ್ಪಷ್ಟವಾಗಿ ಹೇಳಿ. ಮುಚ್ಚಿದ ದಿನಗಳ ಸಂಬಳ ಕೊಡಿ ಎಂದೇ ನನ್ನ ಸಲಹೆ. ಊರಿಗೆ ಹೋದ ದೋಸೆ ಭಟ್ಟರು ಅಲ್ಲಿಂದಲೇ ಬೇರೆ ಹೋಟೆಲ್ ಸೇರಿದರೆ ನಿಮಗಾಗುವ ನಷ್ಟ ಆ ಸಂಬಳಕ್ಕಿಂತ ದೊಡ್ಡದು.

ಹಂತ 2: ಹೋಟೆಲ್ ನಿಜವಾಗಿ ಯಾರದು ಎಂದು ನೋಡಿ

ಜಿಎಸ್‌ಟಿ ನೋಂದಣಿ ಪತ್ರವನ್ನು ತೆಗೆದು ನೋಡಿ. ವ್ಯಾಪಾರದ ಸ್ವರೂಪ ಏನೆಂದು ಅದರಲ್ಲಿ ಬರೆದಿರುತ್ತದೆ. ಏಕಮಾಲೀಕತ್ವ ಎಂದಿದ್ದರೆ ಮುಂದಿನ ಹಂತಗಳೆಲ್ಲ ನಿಮಗೇ.

ಪಾಲುದಾರಿಕೆ ಎಂದಿದ್ದರೆ ಪಾಲುದಾರಿಕೆ ಪತ್ರವನ್ನು ಹುಡುಕಿ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಪತ್ರದಲ್ಲಿ ಬೇರೆ ಮಾತು ಬರೆದಿಲ್ಲದಿದ್ದರೆ ಒಬ್ಬ ಪಾಲುದಾರ ಸತ್ತ ಕೂಡಲೇ ಸಂಸ್ಥೆ ವಿಸರ್ಜನೆಯಾಗುತ್ತದೆ. ಇದ್ದವರೇ ಇಬ್ಬರಾಗಿದ್ದರೆ ಉಳಿದವರು ಒಬ್ಬರೇ ತಾನೆ? ಒಬ್ಬರಿಂದ ಪಾಲುದಾರಿಕೆ ಇಲ್ಲ. ಮೂವರೋ ನಾಲ್ವರೋ ಇದ್ದು, ಮುಂದುವರಿಯುತ್ತದೆ ಎಂಬ ಷರತ್ತಿದ್ದರೆ ಹೋಟೆಲ್ ನಡೆಯುತ್ತದೆ, ನಿಮ್ಮ ಮನೆಯ ಪಾಲಿನ ಲೆಕ್ಕ ಕೇಳುವ ಹಕ್ಕು ನಿಮಗಿರುತ್ತದೆ. ಲೆಕ್ಕ ತೀರಿಸದೆ ನಿಮ್ಮ ಪಾಲಿನ ಬಂಡವಾಳ ಬಳಸಿ ವ್ಯಾಪಾರ ಮುಂದುವರಿಸಿದರೆ ಆ ಪಾಲಿಗೆ ಬಂದ ಲಾಭ ಅಥವಾ ವರ್ಷಕ್ಕೆ ಶೇ. 6ರ ಬಡ್ಡಿ, ಎರಡರಲ್ಲಿ ಒಂದನ್ನು ನೀವು ಆರಿಸಿಕೊಳ್ಳಬಹುದು. ಕರಾವಳಿಯ ಎಷ್ಟೋ ಮನೆಗಳ ಹೋಟೆಲುಗಳು ಬೆಂಗಳೂರಲ್ಲಿ, ಮುಂಬೈಯಲ್ಲಿ ನಡೆಯುವುದು ನೆಂಟರ ಪಾಲುದಾರಿಕೆಯಲ್ಲೇ. ಊರಲ್ಲಿರುವ ವಿಧವೆಗೆ ಈ ಹಕ್ಕಿನ ವಿಷಯ ಯಾರೂ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಹಂತ 3: ಎರಡು ಮೂಲ ಕಾಗದ

ಮರಣ ಪ್ರಮಾಣಪತ್ರ ಮತ್ತು ವಾರಸುದಾರರ ಪಟ್ಟಿ. ಈ ಎರಡಿಲ್ಲದೆ ಯಾವ ಕಚೇರಿಯ ಮೇಜೂ ಅಲ್ಲಾಡುವುದಿಲ್ಲ.

ಮರಣವನ್ನು 21 ದಿನದೊಳಗೆ ನೋಂದಣಿಗೆ ತಿಳಿಸಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಆಸ್ಪತ್ರೆಯವರೇ ಕಳಿಸುತ್ತಾರೆ, ಮನೆಯಲ್ಲಾಗಿದ್ದರೆ ನೀವೇ ತಿಳಿಸಬೇಕು. ಪ್ರಮಾಣಪತ್ರದಲ್ಲಿ ಹೆಸರು ಪ್ಯಾನ್, ಆಧಾರ್‌ನಲ್ಲಿ ಇರುವಂತೆಯೇ ಇದೆಯೇ ಎಂದು ಅಕ್ಷರ ಅಕ್ಷರ ನೋಡಿ. ಒಂದರಲ್ಲಿ ಶ್ರೀನಿವಾಸ ಭಟ್, ಇನ್ನೊಂದರಲ್ಲಿ ಕೆ. ಶ್ರೀನಿವಾಸ ಎಂದಿದ್ದರೆ ಬ್ಯಾಂಕು ವಾಪಸು ಕಳಿಸುತ್ತದೆ. ಕನಿಷ್ಠ 10 ಪ್ರತಿ ತೆಗೆಸಿಡಿ.

ವಾರಸುದಾರರ ಪಟ್ಟಿ ಎಂದರೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ ಪಡೆಯುವ ವಂಶವೃಕ್ಷ ಅಥವಾ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರ. ನ್ಯಾಯಾಲಯ ಕೊಡುವ ಉತ್ತರಾಧಿಕಾರ ಪ್ರಮಾಣಪತ್ರವೇ ಬೇರೆ. ಅದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ, ಸತ್ತವರಿಗೆ ಬರಬೇಕಾದ ಹಣ, ಷೇರು, ಠೇವಣಿಗಳನ್ನು ವಸೂಲಿ ಮಾಡಲು ಕೊಡುವಂಥದ್ದು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ದೊಡ್ಡ ಮೊತ್ತದ ಠೇವಣಿಗೆ ನಾಮಿನಿ ಇಲ್ಲದಿದ್ದರೆ ಅಥವಾ ಮನೆಯಲ್ಲಿ ತಕರಾರಿದ್ದರೆ ಮಾತ್ರ ಅದರ ದಾರಿ ಹಿಡಿಯಿರಿ.

ಉಯಿಲು ಬರೆದಿಟ್ಟಿದ್ದಾರೆಯೇ ಎಂದು ಬೀರು, ಬ್ಯಾಂಕ್ ಲಾಕರ್, ಅವರ ವಕೀಲರ ಬಳಿ ವಿಚಾರಿಸಿ. ಉಯಿಲಿದ್ದರೆ ಅದರಂತೆ, ಇಲ್ಲದಿದ್ದರೆ ಮುಂದಿನ ಹಂತದಂತೆ.

ಹಂತ 4: ಮನೆಯೊಳಗಿನ ಒಪ್ಪಂದ

ಇದು ಎಲ್ಲಕ್ಕಿಂತ ಕಷ್ಟದ ಹಂತ. ಹೋಟೆಲುಗಳು ಮುಚ್ಚುವುದನ್ನು ನಾನು ಹೆಚ್ಚು ಕಂಡಿರುವುದೂ ಇಲ್ಲೇ.

ಹಿಂದೂ ಕುಟುಂಬದಲ್ಲಿ ಗಂಡಸು ಉಯಿಲು ಬರೆಯದೆ ಸತ್ತರೆ, 1956ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವರ ಸ್ವಂತ ಸಂಪಾದನೆಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಅವರ ತಾಯಿಗೆ ಸಮ ಪಾಲು. ಮದುವೆಯಾಗಿ 20 ವರ್ಷವಾದ ಮಗಳಿಗೂ ಅಷ್ಟೇ ಪಾಲು. ಗಲ್ಲಾದಲ್ಲಿ ಕೂರುವ ಮಗನಿಗೆ ಒಂದು ಕಾಸೂ ಹೆಚ್ಚಿಲ್ಲ. ಕ್ರೈಸ್ತರಿಗೆ 1925ರ ಕಾಯ್ದೆ, ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನು ಅನ್ವಯಿಸುತ್ತದೆ, ಪಾಲಿನ ಲೆಕ್ಕ ಬೇರೆ.

ಎಲ್ಲರೂ ಮರೆಯುವುದು ಅಜ್ಜಿಯನ್ನು. ಮಗ ಸತ್ತಾಗ ತಾಯಿ ಬದುಕಿದ್ದರೆ ಆಕೆಗೂ ಪಾಲಿದೆ. ಆ ಪಾಲು ಇತ್ಯರ್ಥವಾಗದೆ ಅಜ್ಜಿ ತೀರಿಕೊಂಡರೆ ಅದು ಆಕೆಯ ಉಳಿದ ಮಕ್ಕಳಿಗೂ, ಅಂದರೆ ನಿಮ್ಮ ಚಿಕ್ಕಪ್ಪ, ಅತ್ತೆಯರಿಗೂ ಹರಡುತ್ತದೆ. ಆಮೇಲೆ ಹೋಟೆಲಿನ ಒಂದು ಸಹಿಗೆ ಎಂಟು ಮನೆ ಸುತ್ತಬೇಕು. ಅಜ್ಜಿ ಗಟ್ಟಿಮುಟ್ಟಾಗಿರುವಾಗಲೇ ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ ಪತ್ರ ಮಾಡಿಸಿಕೊಳ್ಳಿ. ಬರಿಗೈಯಲ್ಲಿ ಸಹಿ ಹಾಕಿಸಿಕೊಳ್ಳುವುದು ಮಾತ್ರ ಬೇಡ. ಅವರ ಔಷಧಿ, ಊಟದ ಜವಾಬ್ದಾರಿಯನ್ನು ಪತ್ರದಲ್ಲೇ ಬರೆಸಿ.

ಎಲ್ಲರೂ ಕೂತು ತೀರ್ಮಾನಿಸಬೇಕಾದದ್ದು: ಹೋಟೆಲ್ ಯಾರ ಹೆಸರಿಗೆ? ಉಳಿದವರಿಗೆ ಏನು? ನಾನು ಕಂಡಂತೆ ಚೆನ್ನಾಗಿ ನಡೆಯುವುದು ಎರಡು ದಾರಿ. ಒಂದು, ನಡೆಸುವವರು ಉಳಿದವರ ಪಾಲಿಗೆ ಬೆಲೆ ಕಟ್ಟಿ ಕಂತಿನಲ್ಲಿ ಕೊಟ್ಟು ಪೂರ್ತಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳುವುದು. ಇನ್ನೊಂದು, ಹೊಸದಾಗಿ ಪಾಲುದಾರಿಕೆ ಪತ್ರ ಬರೆಸಿ, ನಡೆಸುವವರಿಗೆ ಮೊದಲು ತಿಂಗಳ ಸಂಬಳ, ಆಮೇಲೆ ಲಾಭದಲ್ಲಿ ಎಲ್ಲರಿಗೂ ಪಾಲು ಎಂದು ಮಾಡಿಕೊಳ್ಳುವುದು. ಎರಡನೆಯದರಲ್ಲಿ ಸಂಬಳದ ಮಾತನ್ನು ಬಿಡಬೇಡಿ. ಬೆಳಗಿನ ನಾಲ್ಕಕ್ಕೆ ಎದ್ದು ಒಲೆ ಹಚ್ಚುವ ತಮ್ಮನಿಗೂ ಬೇರೆ ಊರಲ್ಲಿ ನೌಕರಿ ಮಾಡುವ ಅಣ್ಣನಿಗೂ ಒಂದೇ ಲಾಭ ಎಂದರೆ ಆ ಪಾಲುದಾರಿಕೆ ಎರಡು ದೀಪಾವಳಿ ದಾಟುವುದಿಲ್ಲ.

'ಸದ್ಯಕ್ಕೆ ಅಮ್ಮನ ಹೆಸರಿಗೆ ಮಾಡಿಬಿಡೋಣ' ಎನ್ನುವವರು ಬಹಳ. ತಪ್ಪಲ್ಲ, ಆದರೆ ಹಾಗೆ ಮಾಡಿದರೆ ತೆರಿಗೆ, ಪರವಾನಗಿ, ಸಾಲ ಎಲ್ಲದರ ಹೊಣೆ ಆಕೆಯದು. ಆಕೆಗೆ ಓದಿ ಹೇಳದೆ ಕಾಗದಕ್ಕೆ ಸಹಿ ಹಾಕಿಸಬೇಡಿ. ಅಪ್ಪನ ಜೊತೆ ಅಡುಗೆಮನೆಯಲ್ಲಿ 30 ವರ್ಷ ದುಡಿದ ಎಷ್ಟೋ ಅಮ್ಮಂದಿರು ನಿಜಕ್ಕೂ ಒಳ್ಳೆಯ ಯಜಮಾನಿಯರಾಗುತ್ತಾರೆ. ಅವರನ್ನು ಬರೀ ಹೆಸರಿಗೆ ಬಳಸಿಕೊಳ್ಳುವುದಕ್ಕಿಂತ ಅದನ್ನೇ ಮೊದಲು ಕೇಳಿ ನೋಡಿ.

ತೀರ್ಮಾನವನ್ನು ಬರಹಕ್ಕಿಳಿಸಿ. ಹೋಟೆಲಿನ ಕಟ್ಟಡ ಸ್ವಂತದ್ದಾಗಿದ್ದು ಯಾರಾದರೂ ತಮ್ಮ ಪಾಲು ಬಿಡುತ್ತಿದ್ದರೆ ಹಕ್ಕು ಬಿಡುಗಡೆ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ವ್ಯಾಪಾರಕ್ಕೆ ಸಂಬಂಧಿಸಿ, 'ಇಂಥವರು ಮುಂದುವರಿಸಲು ನಮ್ಮ ಆಕ್ಷೇಪಣೆ ಇಲ್ಲ' ಎಂದು ಎಲ್ಲ ವಾರಸುದಾರರೂ ಸಹಿ ಮಾಡಿದ, ನೋಟರಿ ಮಾಡಿಸಿದ ಅಫಿಡವಿಟ್‌ನ ಐದಾರು ಪ್ರತಿ ಮಾಡಿಸಿಡಿ. ಮುಂದೆ ಪ್ರತಿ ಕಚೇರಿಯಲ್ಲೂ ಇದನ್ನೇ ಕೇಳುತ್ತಾರೆ.

ಹಂತ 5: ಬ್ಯಾಂಕು ಮತ್ತು ಗಲ್ಲಾದ ಮೇಲಿನ ಕ್ಯೂಆರ್

ಮರಣದ ಸುದ್ದಿ ತಿಳಿದ ಮೇಲೆ ಬ್ಯಾಂಕು ಆ ಖಾತೆಯಿಂದ ಹಣ ತೆಗೆಯಲು ಬಿಡುವುದಿಲ್ಲ. ಅಪ್ಪ ಮೊದಲೇ ಬರೆದುಕೊಟ್ಟ ಚೆಕ್ಕುಗಳೂ ವಾಪಸಾಗುತ್ತವೆ. ಚೆಕ್ ಪುಸ್ತಕದ ಕೌಂಟರ್‌ಫಾಯಿಲ್ ನೋಡಿ, ಯಾರ್ಯಾರಿಗೆ ಕೊಟ್ಟಿದ್ದಾರೋ ಅವರಿಗೆ ಮುಂಚೆಯೇ ಫೋನ್ ಮಾಡಿ ಹೇಳಿ. ಆ ಚೆಕ್ ವಾಪಸಾದ ಕಾರಣಕ್ಕೆ ಮನೆಯವರ ಮೇಲೆ ಕ್ರಿಮಿನಲ್ ಮೊಕದ್ದಮೆ ನಿಲ್ಲದು. ಬಾಕಿ ಮಾತ್ರ ಬಾಕಿಯೇ.

ಗಲ್ಲಾದ ಮೇಲಿನ ಕ್ಯೂಆರ್ ಫಲಕ ಅಪ್ಪನ ಖಾತೆಯದು. ಗಿರಾಕಿಗಳು ಸ್ಕ್ಯಾನ್ ಮಾಡುತ್ತಲೇ ಇರುತ್ತಾರೆ, ಹಣ ಹೋಗಿ ಆ ಖಾತೆಯಲ್ಲಿ ಕೂರುತ್ತದೆ, ನಿಮಗೆ ಮರುದಿನದ ತರಕಾರಿಗೆ ಕಾಸಿಲ್ಲ. ಆದ್ದರಿಂದ ಹೋಟೆಲ್ ತೆರೆಯುವ ಮೊದಲೇ ಆ ಫಲಕ ತೆಗೆದುಬಿಡಿ. ಗೋಡೆ, ಟೇಬಲ್, ಪಾರ್ಸೆಲ್ ಕೌಂಟರ್, ಎಲ್ಲೆಲ್ಲಿ ಅಂಟಿಸಿದೆಯೋ ಅಲ್ಲೆಲ್ಲ. ನಡೆಸುವವರ ಹೆಸರಿನಲ್ಲಿ ಹೊಸ ಚಾಲ್ತಿ ಖಾತೆ ತೆರೆಯಿರಿ. ಅದಕ್ಕೆ ಹೊಸ ಜಿಎಸ್‌ಟಿ ಅಥವಾ ಟ್ರೇಡ್ ಲೈಸೆನ್ಸ್ ಕೇಳುತ್ತಾರಾದ್ದರಿಂದ ಕೆಲವು ದಿನ ನಗದಿನಲ್ಲೇ ನಡೆಸಬೇಕಾಗಬಹುದು. ಚಿಲ್ಲರೆ ತಂದಿಟ್ಟುಕೊಳ್ಳಿ.

ಸ್ವಿಗ್ಗಿ, ಜೊಮ್ಯಾಟೊಗಳಲ್ಲಿ ಹೋಟೆಲ್ ಇದ್ದರೆ ಅಲ್ಲಿಯ ಹಣವೂ ಹಳೆಯ ಖಾತೆಗೇ ಹೋಗುತ್ತದೆ. ಆರ್ಡರ್ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಮಾಲೀಕತ್ವ ಬದಲಾವಣೆಗೆ ಬರೆಯಿರಿ. ಹೊಸ ಆಹಾರ ಪರವಾನಗಿ, ಪ್ಯಾನ್, ಖಾತೆ ಕೊಟ್ಟ ಮೇಲೆ ಮತ್ತೆ ಶುರು ಮಾಡಿ.

ಹಳೆಯ ಖಾತೆಯ ಹಣಕ್ಕೆ ನಾಮಿನಿ ಇದ್ದರೆ, ದಾಖಲೆಗಳನ್ನೆಲ್ಲ ಕೊಟ್ಟ 15 ದಿನದೊಳಗೆ ಬ್ಯಾಂಕು ಇತ್ಯರ್ಥ ಮಾಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ನಾಮಿನಿ ಎಂದರೆ ಹಣ ಪಡೆದುಕೊಳ್ಳುವವರು ಅಷ್ಟೇ, ಆ ಹಣದ ಒಡೆಯರು ಎಲ್ಲ ವಾರಸುದಾರರು.

ಎಚ್ಚರಿಕೆ: ಅಪ್ಪನ ಎಟಿಎಂ ಪಿನ್ ಗೊತ್ತು, ಫೋನ್‌ಪೇ ತೆರೆಯಲು ಬರುತ್ತದೆ ಎಂದು ಹಣ ತೆಗೆಯಬೇಡಿ. ಕ್ರಿಯೆಯ ಖರ್ಚಿಗೇ ತೆಗೆದಿದ್ದರೂ ಬ್ಯಾಂಕಿನ ದೃಷ್ಟಿಯಲ್ಲಿ ಅದು ಅನಧಿಕೃತ. ನಾಳೆ ತಂಗಿಯ ಗಂಡ ಸ್ಟೇಟ್‌ಮೆಂಟ್ ತೆಗೆಸಿ ಕೇಳಿದರೆ ಉತ್ತರವಿರುವುದಿಲ್ಲ.

ಹಂತ 6: ಜಿಎಸ್‌ಟಿ

ಸತ್ತವರ ಜಿಎಸ್‌ಟಿ ಸಂಖ್ಯೆಯನ್ನು ಮಗನ ಹೆಸರಿಗೆ ವರ್ಗಾಯಿಸಲು ಬರುವುದಿಲ್ಲ, ಅದು ಪ್ಯಾನ್ ಮೇಲೆ ನಿಂತಿದೆ. ನೀವು ಹೊಸ ನೋಂದಣಿ ಪಡೆದು, ಹಳೆಯದನ್ನು ರದ್ದು ಮಾಡಿಸಬೇಕು.

ನೋಂದಣಿ ಅರ್ಜಿಯಲ್ಲಿ, ಯಾವ ಕಾರಣಕ್ಕೆ ನೋಂದಣಿ ಎಂದು ಕೇಳುವಲ್ಲಿ 'ಮಾಲೀಕರ ಮರಣ' ಎಂಬುದನ್ನೇ ಆರಿಸಿ. ನೋಂದಣಿಯ ಹೊಣೆ ನಿಮ್ಮ ಮೇಲೆ ಬಂದ 30 ದಿನದೊಳಗೆ ಅರ್ಜಿ ಹಾಕಿದರೆ ನೋಂದಣಿ ಆ ಹೊಣೆ ಬಂದ ದಿನದಿಂದಲೇ ಜಾರಿಗೆ ಬರುತ್ತದೆ, ಮಧ್ಯದ ದಿನಗಳ ಮಾರಾಟಕ್ಕೂ ಒಂದು ನೆಲೆ ಸಿಗುತ್ತದೆ. ಸಂಖ್ಯೆ ಬರುವವರೆಗೆ ಅಪ್ಪನ ಸಂಖ್ಯೆ ಅಚ್ಚಾದ ಬಿಲ್ ಕೊಡಬೇಡಿ. ದಿನದ ಮಾರಾಟವನ್ನು ಬೇರೆ ಪುಸ್ತಕದಲ್ಲಿ ಬರೆದಿಡಿ.

'ನಮ್ಮ ವಹಿವಾಟು ವರ್ಷಕ್ಕೆ ನೋಂದಣಿಯ ಮಿತಿಯಾದ 20 ಲಕ್ಷ ಆಗಲ್ಲ, ಹೊಸದಾಗಿ ಶುರು ಮಾಡಿದ ಹಾಗಲ್ಲವಾ?' ಎಂದು ಕೇಳುತ್ತಾರೆ. ಅಲ್ಲ. ನೋಂದಣಿ ಇದ್ದ ವ್ಯಾಪಾರ ನಡೆಯುತ್ತಿರುವಂತೆಯೇ ನಿಮ್ಮ ಕೈಗೆ ಬಂದಿದ್ದರೆ, ಬಂದ ದಿನದಿಂದಲೇ ನೋಂದಣಿ ನಿಮ್ಮ ಹೊಣೆ.

ಅಪ್ಪ ಕಾಂಪೊಸಿಷನ್ ಯೋಜನೆಯಲ್ಲಿದ್ದರೆ ಅದು ತಾನಾಗಿ ನಿಮಗೆ ಬರುವುದಿಲ್ಲ. ಇದು ಚಿಕ್ಕ ವ್ಯಾಪಾರಿಗಳಿಗಾಗಿ ಇರುವ ಸರಳ ಯೋಜನೆ. ಒಟ್ಟು ವಹಿವಾಟಿನ ಮೇಲೆ ಹೋಟೆಲಿನವರು ಶೇ. 5 ಕಟ್ಟಿದರೆ ಸಾಕು, ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ಹೊಸ ನೋಂದಣಿ ಅರ್ಜಿಯಲ್ಲೇ ಅದನ್ನು ಮತ್ತೆ ಆರಿಸಬೇಕು.

ಹಳೆಯ ಸಂಖ್ಯೆ ರದ್ದು ಮಾಡಿಸಲು ಅಪ್ಪನ ಲಾಗಿನ್ ಬೇಕು. ಪಾಸ್‌ವರ್ಡ್ ಇಲ್ಲದಿದ್ದರೆ ನಿಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಗೆ ಮರಣ ಪ್ರಮಾಣಪತ್ರ, ವಾರಸುದಾರರ ಪತ್ರ ಕೊಟ್ಟು, ನಿಮ್ಮನ್ನು ಅಧಿಕೃತ ಸಹಿದಾರರಾಗಿ ಸೇರಿಸಲು ಕೇಳಿ. ಮರಣದ ದಿನದವರೆಗಿನ ರಿಟರ್ನುಗಳು ಬಾಕಿ ಇದ್ದರೆ ಸಲ್ಲಿಸಿ. ಒಂದು ಗಂಭೀರ ವಿಷಯ ಇಲ್ಲಿದೆ. ವ್ಯಾಪಾರ ಮುಂದುವರಿಸಿದರೆ ಅಪ್ಪನ ಕಾಲದ ತೆರಿಗೆ, ಬಡ್ಡಿ, ದಂಡದ ಬಾಕಿಗೆ ನೀವು ಹೊಣೆ. ಮುಂದುವರಿಸದೆ ಮುಚ್ಚಿದರೆ, ಅವರು ಬಿಟ್ಟುಹೋದ ಆಸ್ತಿಯ ಮಿತಿಯಲ್ಲಿ ಮಾತ್ರ. ಆದ್ದರಿಂದ 'ನಾನು ನಡೆಸುತ್ತೇನೆ' ಎಂದು ಸಹಿ ಹಾಕುವ ಮೊದಲು ಹಳೆಯ ಬಾಕಿ, ನೋಟಿಸುಗಳು ಏನಿವೆ ಎಂದು ಲೆಕ್ಕಿಗರಿಂದ ತೆಗೆಸಿ ನೋಡಿ.

ಆದಾಯ ತೆರಿಗೆಯಲ್ಲಿ ವರ್ಷವನ್ನು ಎರಡು ತುಂಡು ಮಾಡಬೇಕು. ಮರಣದ ದಿನದವರೆಗಿನ ಆದಾಯಕ್ಕೆ ಅಪ್ಪನ ಪ್ಯಾನಿನಲ್ಲಿ, ಇಲಾಖೆಯ ಜಾಲತಾಣದಲ್ಲಿ ಕಾನೂನುಬದ್ಧ ವಾರಸುದಾರ ಎಂದು ನೋಂದಾಯಿಸಿಕೊಂಡು ನೀವು ರಿಟರ್ನ್ ಹಾಕುತ್ತೀರಿ. ಮರುದಿನದಿಂದ ನಿಮ್ಮ ಪ್ಯಾನ್. ಮರಣದ ದಿನ ಎಷ್ಟು ಅಕ್ಕಿ, ಬೇಳೆ, ಎಣ್ಣೆ ದಾಸ್ತಾನಿತ್ತು ಎಂಬ ಪಟ್ಟಿ ಇದ್ದರೆ ಈ ಕೆಲಸ ಹಗುರ.

ಹಂತ 7: ಆಹಾರ ಪರವಾನಗಿ ಮತ್ತು ಉಳಿದವು

ಇಲ್ಲಿ ಕಾನೂನು ನಿಮ್ಮ ಕೈಹಿಡಿಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐನ 2011ರ ಪರವಾನಗಿ ನಿಯಮಗಳ ಪ್ರಕಾರ, ಪರವಾನಗಿ ಹೊಂದಿದವರು ತೀರಿಕೊಂಡರೆ ಅದು ವಾರಸುದಾರರ ಅನುಕೂಲಕ್ಕಾಗಿ ಮರಣದ ದಿನದಿಂದ 90 ದಿನ ಜೀವಂತ ಇರುತ್ತದೆ. ಅಧಿಕಾರಿ ಕಾರಣ ಬರೆದು ಇನ್ನೂ ವಿಸ್ತರಿಸಬಹುದು. ಆ ಅವಧಿಯೊಳಗೆ ಪ್ರಾಧಿಕಾರದ ಪರವಾನಗಿ ಜಾಲತಾಣವಾದ ಫಾಸ್ಕಾಸ್‌ನಲ್ಲಿ ನಿಮ್ಮ ಹೆಸರಿಗೆ ವರ್ಗಾವಣೆಗೆ ಅರ್ಜಿ ಹಾಕಿ. 90 ದಿನ ಎಂದರೆ ಬಹಳ ಎನಿಸುತ್ತದೆ. ಕ್ರಿಯೆ, ಪ್ರಮಾಣಪತ್ರ, ಮನೆಯ ಮಾತುಕತೆಯಲ್ಲೇ 60 ಕಳೆದಿರುತ್ತದೆ. ಅಪ್ಪನ ಪರವಾನಗಿಯ ಅವಧಿಯೇ ಮಧ್ಯದಲ್ಲಿ ಮುಗಿಯುತ್ತದೆಯೇ ಎಂದೂ ನೋಡಿ.

ಟ್ರೇಡ್ ಲೈಸೆನ್ಸ್ ಪಾಲಿಕೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯಲ್ಲಿ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಕಾರ್ಮಿಕ ಇಲಾಖೆಯಲ್ಲಿ. ಪಿಎಫ್, ಇಎಸ್‌ಐ ಇದ್ದರೆ ಅಲ್ಲಿಗೂ ಮಾಲೀಕರ ಬದಲಾವಣೆ ತಿಳಿಸಿ. ಬಾರ್ ಇದ್ದರೆ ಅಬಕಾರಿ ಇಲಾಖೆಯದು ಪೂರ್ತಿ ಬೇರೆ ವ್ಯವಹಾರ, ಸನ್ನದು ನಿಮ್ಮ ಹೆಸರಿಗೆ ಬರುವವರೆಗೆ ಇಲಾಖೆಯ ಅನುಮತಿ ಇಲ್ಲದೆ ಒಂದು ಬಾಟಲಿಯನ್ನೂ ಮಾರಬೇಡಿ.

ಗ್ಯಾಸ್ ಏಜೆನ್ಸಿಯಲ್ಲಿ 19 ಕೆ.ಜಿ. ಸಿಲಿಂಡರಿನ ಸಂಪರ್ಕವನ್ನು ನಿಮ್ಮ ಹೆಸರಿಗೆ ಮಾಡಿಸುವಾಗ ಠೇವಣಿಯ ಮೂಲ ರಸೀದಿ ಕೇಳುತ್ತಾರೆ. ಅದು ಎಷ್ಟು ಸಿಲಿಂಡರಿಗೆ ಎಂಬುದರ ಮೇಲೆ ನಿಮಗೆ ಸೇರಬೇಕಾದ ಹಣ ನಿಂತಿದೆ, ಹುಡುಕಿ ತೆಗೆಯಿರಿ. ಸಂಪರ್ಕ ತಡವಾಯಿತೆಂದು ಮನೆಯ ಸಿಲಿಂಡರ್ ತಂದು ಹೋಟೆಲಿನ ಒಲೆಗೆ ಹಾಕಬೇಡಿ. ಅದು ಅಪರಾಧ, ಅವಘಡವಾದರೆ ವಿಮೆಯೂ ಬರದು.

ಹಂತ 8: ಕಟ್ಟಡದ ಮಾಲೀಕರು

ಬಾಡಿಗೆ ಕಟ್ಟಡವಾದರೆ ಮೊದಲ ವಾರದಲ್ಲೇ ಮಾಲೀಕರ ಮನೆಗೆ ನೀವೇ ಹೋಗಿ. ಹಳೆಯ ಬಾಡಿಗೆ, ದೊಡ್ಡ ಅಡ್ವಾನ್ಸ್, ಬಾಯಿಮಾತಿನ ಕರಾರು ಇದ್ದಲ್ಲಿ 'ಇನ್ನು ಖಾಲಿ ಮಾಡಿಕೊಡಿ' ಎಂಬ ಮಾತು ಬರುವುದು ಸಹಜ.

ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ ಬಾಡಿಗೆದಾರನ ಹಕ್ಕು ವಾರಸುದಾರರಿಗೆ ಬರುತ್ತದೆ. ಆದರೆ ಎಷ್ಟು ಕಾಲ ಎಂಬುದು ಬೇರೆ ಮಾತು. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಇರುವುದು 14 ಚದರ ಮೀಟರಿನೊಳಗಿನ ಪುಟ್ಟ ವಾಣಿಜ್ಯ ಮಳಿಗೆಗೆ ಮಾತ್ರ. ಅದಕ್ಕಿಂತ ದೊಡ್ಡದಾದರೆ ಆಸ್ತಿ ವರ್ಗಾವಣೆ ಕಾಯ್ದೆ ಅನ್ವಯಿಸುತ್ತದೆ, ತಿಂಗಳ ಬಾಡಿಗೆಯ ಜಾಗವನ್ನು 15 ದಿನದ ನೋಟಿಸಿನಲ್ಲಿ ಬಿಡಿಸಲು ದಾವೆ ಹೂಡಬಹುದು. ಆದ್ದರಿಂದ ಜಗಳಕ್ಕಿಂತ ಹೊಸ ಕರಾರು ಮೇಲು. ಸ್ವಲ್ಪ ಬಾಡಿಗೆ ಏರಿಸಿಯಾದರೂ ಮೂರು ಅಥವಾ ಐದು ವರ್ಷಕ್ಕೆ ಬರೆಸಿ. ಒಂದು ವರ್ಷಕ್ಕಿಂತ ಹೆಚ್ಚಿನದು ನೋಂದಣಿಯಾಗದಿದ್ದರೆ ಬಲವಿಲ್ಲ. ಅಪ್ಪ ಕೊಟ್ಟಿದ್ದ ಅಡ್ವಾನ್ಸ್ ಎಷ್ಟೆಂದು ಹೊಸ ಕರಾರಿನಲ್ಲಿ ಅಂಕಿ ಸಮೇತ ಬರೆಸದಿದ್ದರೆ ಅದು ಮುಳುಗಿದಂತೆ.

ಮಾತುಕತೆ ಮುಗಿಯುವವರೆಗೆ ಬಾಡಿಗೆ ನಿಲ್ಲಿಸಬೇಡಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಬ್ಯಾಂಕಿನ ಮೂಲಕ ಕಳಿಸಿ ದಾಖಲೆ ಇಟ್ಟುಕೊಳ್ಳಿ.

ಹಂತ 9: ಸಾಲ ಕೇಳಿ ಬರುವವರು

13ನೇ ದಿನದ ಊಟ ಮುಗಿಸಿ ಕೈತೊಳೆಯುತ್ತಲೇ 'ನಿಮ್ಮಪ್ಪ ನನಗೆ ಎರಡು ಲಕ್ಷ ಕೊಡಬೇಕಿತ್ತು' ಎನ್ನುವವರು ಬರುತ್ತಾರೆ. ನಿಜ ಹೇಳುವವರೂ ಇರುತ್ತಾರೆ, ಸುಳ್ಳು ಹೇಳುವವರೂ ಇರುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಕೊಡಿ: 'ಕಾಗದ ಇದ್ದರೆ ಅದರ ಪ್ರತಿ ಕೊಡಿ, ಡೈರಿ ನೋಡಿ ತಿಂಗಳೊಳಗೆ ಹೇಳುತ್ತೇವೆ.' ಆ ದಿನ ಯಾವ ಪತ್ರಕ್ಕೂ ಸಹಿ ಹಾಕಬೇಡಿ, ಯಾರಿಗೂ ಮಾತು ಕೊಡಬೇಡಿ.

ಅಪ್ಪನ ಕೈಸಾಲಕ್ಕೆ ಮಕ್ಕಳು ಹೊಣೆಯಾಗುವುದು ಅಪ್ಪನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ನಿಮ್ಮ ಸ್ವಂತ ದುಡಿಮೆಯ ಮೇಲೆ ಆ ಸಾಲದ ಹಕ್ಕಿಲ್ಲ, ನೀವೇ ಜಾಮೀನು ಹಾಕಿದ್ದರೆ ಬೇರೆ. ಬ್ಯಾಂಕ್ ಸಾಲವಿದ್ದರೆ ಅದರ ಜೊತೆ ಜೀವವಿಮೆ ಇತ್ತೇ ಎಂದು ಕೇಳಿ ನೋಡಿ. ಎಷ್ಟೋ ಮನೆಯವರು ವಿಮೆ ಇದೆಯೆಂದೇ ತಿಳಿಯದೆ ಕಂತು ಕಟ್ಟಿದ್ದಾರೆ.

ದಿನಸಿ ಅಂಗಡಿ, ಹಾಲು, ತರಕಾರಿ ಮಂಡಿಯ ಬಾಕಿಯನ್ನು ಮಾತ್ರ ಬೇಗ ತೀರಿಸಿ. ನಾಳೆಯ ಅಕ್ಕಿ ಕೊಡಬೇಕಾದವರು ಅವರೇ. ಅಪ್ಪನ ಡೈರಿಯಲ್ಲಿ ಕೆಲಸದವರಿಗೆ ಕೊಟ್ಟ ಮುಂಗಡವೂ ಇರುತ್ತದೆ. ಅದನ್ನು ಒಬ್ಬೊಬ್ಬರನ್ನೇ ಕೂರಿಸಿ ಓದಿ ಹೇಳಿ, ಒಪ್ಪಿದ ಮೊತ್ತ ಬರೆದುಕೊಳ್ಳಿ, ಸಂಬಳದಲ್ಲಿ ಸ್ವಲ್ಪ ಸ್ವಲ್ಪವೇ ಹಿಡಿಯಿರಿ.

ಹಂತ 10: ಅಡುಗೆಮನೆ

ಹತ್ತನೆಯದೆಂದು ಬರೆದಿದ್ದರೂ ಇದು ಬಾಗಿಲು ತೆಗೆಯುವ ಮೊದಲೇ ಶುರುವಾಗಬೇಕು.

ಅಪ್ಪ ಬೆಳಗಿನಿಂದ ರಾತ್ರಿವರೆಗೆ ಏನೇನು ಮಾಡುತ್ತಿದ್ದರು ಎಂದು ಗಂಟೆಗಂಟೆಗೆ ಬರೆಯಿರಿ. ಒಬ್ಬರಿಗೇ ಪೂರ್ತಿ ಗೊತ್ತಿರುವುದಿಲ್ಲ, ಅಮ್ಮ, ಭಟ್ಟರು, ಕ್ಯಾಷಿಯರ್ ಮೂವರನ್ನೂ ಕೇಳಿ. ನಾಲ್ಕಕ್ಕೆ ಡಿಕಾಕ್ಷನ್ ಹಾಕುವುದು, ಐದಕ್ಕೆ ಮಾರುಕಟ್ಟೆಯಲ್ಲಿ ತರಕಾರಿ ಆರಿಸುವುದು, ಮೊದಲ ಸಾಂಬಾರಿನ ರುಚಿ ನೋಡುವುದು, ಹಿಟ್ಟು ಹುದುಗಿದೆಯೇ ಎಂದು ಮೂಸಿ ನೋಡುವುದು, ಎಣ್ಣೆ ಬದಲಾಯಿಸಲು ಹೇಳುವುದು. ಪಟ್ಟಿ ಮುಗಿದಾಗ 30 ಕೆಲಸವಾದರೂ ಆಗುತ್ತದೆ. ಪ್ರತಿಯೊಂದರ ಮುಂದೆ ಒಬ್ಬರ ಹೆಸರು ಬರೆಯಿರಿ. ರುಚಿ ನೋಡುವ ಕೆಲಸಕ್ಕೆ ಹೆಸರಿಲ್ಲದಿದ್ದರೆ ಆ ಹೋಟೆಲಿನ ಸಾಂಬಾರ್ ಮೂರು ತಿಂಗಳಲ್ಲಿ ಬೇರೆಯಾಗಿರುತ್ತದೆ.

ಇನ್ನು ಪುಡಿಗಳ ಅಳತೆ. ಸಾರಿನ ಪುಡಿ, ಸಾಂಬಾರ್ ಪುಡಿ, ಚಟ್ನಿಪುಡಿಯ ಲೆಕ್ಕ ಯಜಮಾನರ ಕೈಯಲ್ಲೇ ಇರುತ್ತದೆ, ಪಾವು, ಸೇರು, 'ಇಷ್ಟು ಹಿಡಿ' ಎನ್ನುವ ಲೆಕ್ಕ. ಡಬ್ಬಿಯಲ್ಲಿ ಅವರು ಮಾಡಿಸಿಟ್ಟ ಕೊನೆಯ ಪುಡಿ ಇದ್ದರೆ ಅರ್ಧ ಕೆ.ಜಿ. ಬೇರೆ ತೆಗೆದು ಗಾಳಿಯಾಡದಂತೆ ಕಟ್ಟಿ ಫ್ರಿಜ್ಜಿನಲ್ಲಿಡಿ. ಹೊಸ ಪುಡಿಯನ್ನು ತೂಗಿ ನೋಡಲು ಅದೇ ನಿಮ್ಮ ಅಳತೆಗೋಲು. ಹೊಸದು ಮಾಡುವಾಗ ಭಟ್ಟರಿಗೋ ಅಮ್ಮನಿಗೋ ಎಂದಿನಂತೆ ಕೈಯಳತೆಯಲ್ಲೇ ಹಾಕಲು ಬಿಡಿ. ಹಾಕುವ ಮುಂಚೆ ಪ್ರತಿ ಹಿಡಿಯನ್ನೂ ತಕ್ಕಡಿಯ ಮೇಲಿಟ್ಟು ನೀವು ಗ್ರಾಂ ಬರೆದುಕೊಳ್ಳಿ. ಮೂರು ಸಲ ಹೀಗೆ ಮಾಡಿ ಸರಾಸರಿ ತೆಗೆದರೆ ಬರಹದಲ್ಲಿ ಉಳಿಯುತ್ತದೆ. ಮೆಣಸಿನಕಾಯಿಯ ವಿಷಯದಲ್ಲಿ ಗ್ರಾಂ ಒಂದೇ ಸಾಲದು. ಬ್ಯಾಡಗಿ ಎಷ್ಟು, ಗುಂಟೂರು ಎಷ್ಟು, ಯಾವ ಅಂಗಡಿಯದು ಎಂಬುದನ್ನೂ ಬರೆಯಿರಿ. ಹೊಸ ಬೆಳೆ ಬಂದಾಗ ಖಾರ, ಬಣ್ಣ ಎರಡೂ ಬದಲಾಗುತ್ತವೆ. ಕಾಫಿಪುಡಿಯವರ ಬಳಿ ಹೋಗಿ ಬೀಜದ ಹದ, ಚಿಕೋರಿಯ ಪ್ರಮಾಣ ಕೇಳಿ ತನ್ನಿ, ಅವರ ಪುಸ್ತಕದಲ್ಲಿರುತ್ತದೆ. ದೋಸೆ ಹಿಟ್ಟಿಗೆ ಚಳಿಗಾಲಕ್ಕೊಂದು, ಬೇಸಿಗೆಗೊಂದು ಲೆಕ್ಕ ಇರುವುದರಿಂದ ಒಂದು ವರ್ಷ ಪೂರ್ತಿ ಬರೆಯುತ್ತಾ ಹೋಗಬೇಕು.

ಭಟ್ಟರ ಬಳಿ ಇದನ್ನೆಲ್ಲ ಕೇಳುವ ರೀತಿ ಮುಖ್ಯ. ಮೊದಲು ಅವರ ಸಂಬಳ, ರಜೆ, ಊರಿಗೆ ಹೋಗುವ ಬಸ್ ಖರ್ಚಿನ ಮಾತು ಮುಗಿಸಿ. 'ಭಟ್ಟರೇ, ಅಪ್ಪನ ಕೈರುಚಿ ಇನ್ನು ಉಳಿದಿರೋದು ನಿಮ್ಮ ಹತ್ತಿರ ಮಾತ್ರ. ನನಗೆ ಕಲಿಸಿಕೊಡಿ' ಎಂದು ಪಕ್ಕದಲ್ಲಿ ನಿಂತು ಕಲಿಯಿರಿ. ತಕ್ಕಡಿ ಹಿಡಿದು ಪರೀಕ್ಷಕರಂತೆ ನಿಂತರೆ, ಕಲಿತಮೇಲೆ ನನ್ನನ್ನು ಬಿಡಿಸುತ್ತಾರೆ ಎಂದು ಅವರಿಗನಿಸುತ್ತದೆ. ಅನಿಸದಿರಲು ಕಾರಣವೂ ಇಲ್ಲ.

ಮೊದಲ ಆರು ತಿಂಗಳು ತಿಂಡಿಪಟ್ಟಿ, ರುಚಿ, ಲೋಟದ ಅಳತೆ ಯಾವುದನ್ನೂ ಬದಲಿಸಬೇಡಿ. ಕೈ ಸಾಲದಿದ್ದರೆ ಕಡಿಮೆ ಮಾಡಿ: ಮಧ್ಯಾಹ್ನದ ಊಟ ಬಿಟ್ಟು ಬೆಳಗಿನ ತಿಂಡಿ, ಸಂಜೆಯ ಕಾಫಿ ಮಾತ್ರ ಇಟ್ಟುಕೊಳ್ಳಿ. ಇಡ್ಲಿ, ವಡೆ, ಖಾಲಿ ದೋಸೆ ಮೂರೇ ಇದ್ದರೂ ಹಳೆಯ ರುಚಿಯಲ್ಲಿದ್ದರೆ ಗಿರಾಕಿ ಕಾಯುತ್ತಾನೆ.

ಪ್ರತಿ ರಾತ್ರಿ ಒಂದು ಹಾಳೆ: ನಗದು ಮಾರಾಟ, ಕ್ಯೂಆರ್ ಮಾರಾಟ, ಖರೀದಿ, ಕೂಲಿ, ಮನೆಗೆ ತೆಗೆದದ್ದು. ಕೊನೆಯ ಅಂಕಣವನ್ನು ಯಾರೂ ಬರೆಯುವುದಿಲ್ಲ, ನೀವು ಬರೆಯಿರಿ. ಪಾಲು ಕೇಳುವ ಅಕ್ಕನಿಗೆ, ತೆರಿಗೆ ಅಧಿಕಾರಿಗೆ, ಮುಂದೆ ಸಾಲ ಕೊಡುವ ಬ್ಯಾಂಕಿಗೆ ತೋರಿಸಲು ಈ ಹಾಳೆಗಳಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ.

ಹಂತ 11: ಹೆಸರು ಮತ್ತು ಬೋರ್ಡು

ಹಳೆಯ ಹೆಸರನ್ನು ಬದಲಾಯಿಸಬೇಡಿ. ಬೆಂಗಳೂರಿನ ಮಲ್ಲೇಶ್ವರದ ಒಂದು ಹೋಟೆಲಿನ ಬೋರ್ಡಿನ ಮೇಲೆ ಶ್ರೀ ಸಾಗರ್ ಎಂದಿದ್ದರೂ ಜನ ಇವತ್ತಿಗೂ ಅದರ ಹಳೆಯ ಹೆಸರಾದ ಸಿಟಿಆರ್ ಎಂದೇ ಹುಡುಕಿಕೊಂಡು ಹೋಗುತ್ತಾರೆ.

ಆದರೆ ಹೆಸರು ಯಾರದು ಎಂಬುದನ್ನು 4ನೇ ಹಂತದ ಒಪ್ಪಂದದಲ್ಲೇ ಬರೆಸಿ. 1924ರಲ್ಲಿ ಶುರುವಾದ ಎಂಟಿಆರ್ ನೋಡಿ: ಹೋಟೆಲುಗಳು ಮಯ್ಯ ಕುಟುಂಬದ ಕೈಯಲ್ಲೇ ಇವೆ, ಅದೇ ಮೂರಕ್ಷರದ ಸಿದ್ಧ ಆಹಾರದ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆಗೆ ಮಾರಾಟವಾಯಿತು. ಒಂದೇ ಹೆಸರು ಎರಡು ಕಡೆ ಹೀಗೆ ನಡೆಯಬೇಕಾದರೆ ಗಡಿ ಎಲ್ಲಿ ಎಂಬುದು ಕಾಗದದಲ್ಲಿರಬೇಕು. ತಮ್ಮ ನಾಳೆ ಪಕ್ಕದ ಬಡಾವಣೆಯಲ್ಲಿ ಅದೇ ಹೆಸರಿನ ಹೋಟೆಲ್ ತೆರೆಯಬಹುದೇ? ಅಮ್ಮನ ಚಟ್ನಿಪುಡಿಯನ್ನು ತಂಗಿ ಅದೇ ಹೆಸರಿನಲ್ಲಿ ಮಾರಬಹುದೇ? ಇವತ್ತೇ ಕೇಳಿಕೊಂಡು ಬರೆಯಿರಿ. ಅಪ್ಪ ಟ್ರೇಡ್‌ಮಾರ್ಕ್ ಮಾಡಿಸಿದ್ದರೆ ಅದನ್ನು ವಾರಸುದಾರರ ಹೆಸರಿಗೆ ದಾಖಲಿಸಿ, 10 ವರ್ಷಕ್ಕೊಮ್ಮೆ ನವೀಕರಿಸಬೇಕು. ಮಾಡಿಸಿಲ್ಲದಿದ್ದರೆ ಹೋಟೆಲ್ ಸೇವೆಗೆ ಸೇರುವ 43ನೇ ವರ್ಗದಲ್ಲಿ ಈಗ ಅರ್ಜಿ ಹಾಕಿ.

ಬೋರ್ಡು ಹಾಗೇ ಇರಲಿ. ಬಿಲ್ ಪುಸ್ತಕ, ಗೋಡೆಯ ಮೇಲಿನ ಪರವಾನಗಿ, ಪಾರ್ಸೆಲ್ ಡಬ್ಬಿಯ ಸ್ಟಿಕರ್, ಈ ಮೂರರಲ್ಲಿ ಹೊಸ ಮಾಲೀಕರ ಹೆಸರು, ಹೊಸ ಸಂಖ್ಯೆಗಳು ಇರಬೇಕು. ಹಳೆಯ ಬಿಲ್ ಪುಸ್ತಕಗಳನ್ನು ಎಸೆಯದೆ ಅಡ್ಡಗೆರೆ ಎಳೆದು, ಅಪ್ಪನ ಡೈರಿಗಳ ಜೊತೆ ಕಟ್ಟಿ ಒಳಗಿಡಿ. ತೆರಿಗೆಯವರು ಹಿಂದಿನ ವರ್ಷಗಳ ಲೆಕ್ಕ ಕೇಳಿದರೆ ಬೇಕಾಗುವುದು ಅವೇ.